ಹೊಗೆಗೊಂದು ದಾರಿ

ಧಾರವಾಡದ ಕಡೆ ‘ಚಿಮಣಿ’ ಅಂದರೆ ಬುಡ್ಡಿದೀಪ. ಸೀಮೆಎಣ್ಣೆಗೆ ಅಲ್ಲಿ ‘ಚಿಮಣಿ ಎಣ್ಣಿ’ ಎಂದೇ ಹೆಸರು. ಮಲೆನಾಡಿನ ಹಳೆಯ ಮನೆಯೊಂದರಲ್ಲಿ ಕೂತು, ಹೊಗೆ ಹೊರಗೆ ಹೋಗುವ ಕೊಳವೆಗೆ ಏನನ್ನುತ್ತೀರಿ ಎಂದು ಕೇಳಿ ನೋಡಿ. ಹಿರಿಯರು ತುಸು ಯೋಚಿಸಿ ಹೊಗೆಗೂಡು, ಹೊಗೆಕೊಳವೆ, ಹೊಗೆ ಪೈಪು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಸಿಗೆ, ಬೂದಿಗೆ, ಕೆಂಡಕ್ಕೆ, ಕೊಳ್ಳಿಗೆ, ಮಾಡಿನಿಂದ ಜೋಲುವ ಇಲ್ಲಣಕ್ಕೆ ಬೇರೆ ಬೇರೆ ಹೆಸರಿಟ್ಟ ನಾಲಿಗೆ ಇದೊಂದರ ಮುಂದೆ ತಡವರಿಸುತ್ತದೆ. ನಮ್ಮ ಮನೆಗಳಲ್ಲಿ ಅದು ಇರಲೇ ಇಲ್ಲವಲ್ಲ!

ಇಲ್ಲದ ಮನೆಗೆ ಅದನ್ನು ಆಮೇಲೆ ಕೂಡಿಸುವುದು ಹೇಗೆ? ಏಳು ದಶಕಗಳಿಂದ ಎಂಜಿನಿಯರುಗಳು, ವೈದ್ಯರು, ಸರಕಾರಗಳು, ಊರ ಗಾರೆ ಕೆಲಸದವರು ಈ ಪ್ರಶ್ನೆಯ ಜೊತೆ ಗುದ್ದಾಡಿದ್ದಾರೆ. ಗೆದ್ದದ್ದೂ ಉಂಟು, ಸೋತದ್ದು ಹೆಚ್ಚು. ಅದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಒಂದೇ ಮಾತು: ಕೊಳವೆಯನ್ನು ನಾವು ಒಲೆಯ ಲೆಕ್ಕಕ್ಕೆ ಬರೆದೆವು, ಅದು ಮನೆಯ ಲೆಕ್ಕಕ್ಕೆ ಸೇರಬೇಕಾದದ್ದು.

ಹೊಗೆ ಮೊದಲು ಎಲ್ಲಿ ಹೋಗುತ್ತಿತ್ತು

ಚಿಮಣಿ ಇಲ್ಲದ ಮನೆ ಹೊಗೆಯನ್ನು ಮರೆತು ಕಟ್ಟಿದ ಮನೆಯೇನೂ ಆಗಿರಲಿಲ್ಲ. ಸೋಗೆ ಇಲ್ಲವೆ ಹುಲ್ಲು ಹೊದಿಸಿದ ಮಾಡು ಮೈಯೆಲ್ಲ ಉಸಿರಾಡುತ್ತಿತ್ತು. ಬೆಳಗ್ಗೆ ದೂರದಿಂದ ನೋಡಿದರೆ ಇಡೀ ಮನೆಯ ನೆತ್ತಿಯಿಂದ ಹೊಗೆ ಏಳುತ್ತಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಸೋಗೆಯ ಜಾಗಕ್ಕೆ ನಿಧಾನವಾಗಿ ಹೆಂಚು ಬಂತು. ಒಂದರ ಮೇಲೊಂದು ಕೂರುವ ಹೆಂಚುಗಳ ಸಂದಿಯಲ್ಲಿ ಹೊಗೆಗೆ ಜಾಗ ಉಳಿಯಿತು. ಬಯಲುಸೀಮೆಯ ಮಣ್ಣಿನ ಮಾಳಿಗೆಗಳಲ್ಲಿ ಒಲೆಯ ನೇರಕ್ಕೋ ತುಸು ಪಕ್ಕಕ್ಕೋ ಬೆಳಕಿಂಡಿ. ಒಳಕ್ಕೆ ಬೆಳಕು, ಹೊರಕ್ಕೆ ಹೊಗೆ, ಮಳೆ ಬಂದರೆ ಮೇಲೊಂದು ಮುಚ್ಚಳ. ಹಳೇ ಮೈಸೂರಿನ ತೊಟ್ಟಿಮನೆಗೆ ನಡುಮನೆಯೇ ಆಕಾಶಕ್ಕೆ ತೆರೆದಿತ್ತು.

ಹೋಗುವ ದಾರಿಯಲ್ಲಿ ಹೊಗೆಯಿಂದ ಕೆಲಸವನ್ನೂ ಮಾಡಿಸಿಕೊಳ್ಳುತ್ತಿದ್ದರು. ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲದ ಅಡಿಕೆ, ಮುರುಗಲು ಸಿಪ್ಪೆ, ಬಿತ್ತನೆಯ ಬೀಜ, ಹೊಸ ಬಿದಿರು ಬುಟ್ಟಿ. ಹೊಗೆ ಕುಡಿದ ಬಿದಿರಿಗೆ ಹುಳ ಹಿಡಿಯದು, ಮಸಿ ಹಿಡಿದ ಪಕಾಸಿಗೆ ಗೆದ್ದಲು ಸುಲಭಕ್ಕೆ ಹತ್ತದು. ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಸೌತೆಕಾಯಿ ತಿಂಗಳುಗಟ್ಟಲೆ ಕೆಡದೆ ಉಳಿಯುವುದು ಆ ಬೆಚ್ಚನೆಯ ಒಣ ಗಾಳಿಯಲ್ಲೇ. ಹೀಗೆ ಹೊಗೆಯ ಲಾಭವೆಲ್ಲ ಮನೆಗೆ ಸಂದಿತು, ನಷ್ಟ ಮಾತ್ರ ಅಡುಗೆ ಮಾಡುವವಳ ಕಣ್ಣಿಗೆ ಮತ್ತು ಎದೆಗೆ.

ಆಮೇಲೆ ಮನೆ ಬದಲಾಯಿತು, ಒಲೆ ಬದಲಾಗಲಿಲ್ಲ. ಹೆಂಚಿನ ಜಾಗಕ್ಕೆ ಆರ್‌ಸಿಸಿ ತಾರಸಿ ಬಂತು, ಸಿಮೆಂಟು ಶೀಟು ಬಂತು. ಸಂದಿಗಳು ಮುಚ್ಚಿದವು. ಹತ್ತಡಿ ಎಂಟಡಿಯ ತಾರಸಿ ಅಡುಗೆಮನೆ, ಒಂದು ಪುಟ್ಟ ಕಿಟಕಿ, ಮೂಲೆಯಲ್ಲಿ ಸೌದೆ ಒಲೆ: ಹೊಗೆಯ ಮಟ್ಟಿಗೆ ಅಜ್ಜಿಯ ಕತ್ತಲ ಅಡುಗೆಮನೆಗಿಂತ ಇದು ಕಡೆ. ಚಿಮಣಿಯ ಅಗತ್ಯ ನಿಜವಾಗಿ ಹುಟ್ಟಿದ್ದು ಇಂಥ ಮನೆಯಲ್ಲಿ.

ಮಗನ್‌ವಾಡಿಯಿಂದ ಉಂಗ್ರದವರೆಗೆ

ಸ್ವಾತಂತ್ರ್ಯದ ಆಸುಪಾಸಿನಲ್ಲಿ ವಾರ್ಧಾದ ಮಗನ್‌ವಾಡಿಯ ಗ್ರಾಮೋದ್ಯೋಗದವರು ಕೊಳವೆಯುಳ್ಳ ಮಣ್ಣಿನ ಒಲೆಯೊಂದನ್ನು ರೂಪಿಸಿದರು. ಅದು ‘ಮಗನ್ ಚೂಲಾ’ ಎಂದು ಹೆಸರಾಯಿತು. 1950ರ ದಶಕದ ಆರಂಭದಲ್ಲಿ ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್.ಪಿ. ರಾಜು ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ ಪುಸ್ತಿಕೆಯನ್ನೇ ಬರೆದು ತಮ್ಮ ಒಲೆಯನ್ನು ಜನರ ಮುಂದಿಟ್ಟರು. ಆಗಿನ ಚಿಂತೆ ಕಣ್ಣುರಿ, ಮಸಿ, ಹೆಂಗಸರ ಪಾಡು. ಎಪ್ಪತ್ತರ ದಶಕದಲ್ಲಿ ತೈಲ ಬಿಕ್ಕಟ್ಟು ಬಂದು ಕಾಡಿನ ಚಿಂತೆ ಹತ್ತಿದ ಮೇಲೆ ಪ್ರಶ್ನೆ ‘ಸೌದೆ ಉಳಿಸುವುದು ಹೇಗೆ’ ಎಂದು ಹೊರಳಿತು.

ಕರ್ನಾಟಕ ಈ ಕತೆಯೊಳಗೆ ಬರುವುದು ಇಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ‘ಅಸ್ತ್ರ’ ಹುಟ್ಟಿತು. ಹಳ್ಳಿಗೆ ಬೇಕಾದ ವಿಜ್ಞಾನ-ತಂತ್ರಜ್ಞಾನದ ಆ ಕೇಂದ್ರದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ಕನ್ನಡದಲ್ಲಿ ಆಯುಧವೇ ಆಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಹಳ್ಳಿ ಕೇಂದ್ರವಿತ್ತು. ಅಲ್ಲಿಂದ ಬಂದ ‘ಅಸ್ತ್ರ ಒಲೆ’ಗೆ ಮೂರು ಪಾತ್ರೆಗಳ ಸಾಲು, ಸೌದೆ ಕೂರಲು ಜಾಲರಿ, ಕೊನೆಯಲ್ಲಿ ಹೊಗೆ ಕೊಳವೆ. ನಮ್ಮ ಹಳೆಯ ಕೋಡೊಲೆಯಲ್ಲೂ ಉರಿಯ ಮಿಕ್ಕ ಕಾವು ಪಕ್ಕದ ಪಾತ್ರೆಗೆ ಹೋಗುತ್ತಿತ್ತು. ಇಲ್ಲಿ ಅದನ್ನು ಅಳತೆಗೆ ಕೂಡಿಸಿದ್ದರು. ಮೂರುಕಲ್ಲಿನ ಒಲೆ ಸೌದೆಯ ಕಾವಿನಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಪಾತ್ರೆಗೆ ಮುಟ್ಟಿಸಿದರೆ, ಇದು ಪ್ರಯೋಗಾಲಯದಲ್ಲಿ ಅದರ ಎರಡರಷ್ಟನ್ನೂ ಮೀರಿ ಮುಟ್ಟಿಸಿತು.

ಕೇಂದ್ರ ಸರಕಾರ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿ 2002ರಲ್ಲಿ ಕೈಬಿಟ್ಟಿತು. ಅಷ್ಟರೊಳಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿದ ಲೆಕ್ಕ ಸಿಗುತ್ತದೆ. ಎಷ್ಟು ಉಳಿದವು ಎಂಬ ಪ್ರಶ್ನೆಗೆ ಮಾತ್ರ ಹಳ್ಳಿಯ ಹಿತ್ತಿಲೇ ಉತ್ತರ ಹೇಳುತ್ತಿತ್ತು: ಮುರಿದ ಕೊಳವೆ ಮಲ್ಲಿಗೆ ಬಳ್ಳಿಗೆ ಆಸರೆಯಾಗಿರುತ್ತಿತ್ತು.

ಸೋಲಿನ ಕಾರಣಗಳು ಅಡುಗೆಯಲ್ಲೇ ಇವೆ. ಅಸ್ತ್ರದಂಥ ಒಲೆಯಲ್ಲಿ ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂರಬೇಕು. ಸಂದಿ ಬಿಟ್ಟರೆ ಹೊಗೆ ಕೊಳವೆಯತ್ತ ಹೋಗದೆ ಅಲ್ಲೇ ಏಳುತ್ತದೆ. ಹಬ್ಬಕ್ಕೆ ದೊಡ್ಡ ತಪ್ಪಲೆ, ನಿತ್ಯಕ್ಕೆ ಸಣ್ಣ ಪಾತ್ರೆ ಇಡುವ ಮನೆಗೆ ಇದು ಒಗ್ಗದು. ರಾಗಿ ಮುದ್ದೆ ತೊಳಸುವಾಗ ಕವೆಗೋಲಿನಿಂದ ಪಾತ್ರೆಯನ್ನು ಒತ್ತಿಹಿಡಿದು ಮೈಬಲವನ್ನೆಲ್ಲ ಹಾಕುತ್ತಾರೆ. ಮಣ್ಣಿನ ತೆಳು ಅಂಚು ಎಷ್ಟು ದಿನ ತಾಳೀತು? ಜೋಳದ ರೊಟ್ಟಿಯನ್ನು ಕೊನೆಗೆ ಕೆಂಡದ ಮುಂದೆ ನಿಲ್ಲಿಸಿ ಉಬ್ಬಿಸಬೇಕು. ಮುಚ್ಚಿದ ಒಲೆಯಲ್ಲಿ ಕೆಂಡದ ಬಾಯಿಯೇ ಇಕ್ಕಟ್ಟು. ಒಲೆಯ ಅಳತೆ ಒಂದೆರಡು ಬೆರಳು ತಪ್ಪಿದರೂ ಉರಿ ಕೆಡುತ್ತದೆ. ಆದರೆ ಮಣ್ಣಿನ ಒಲೆಯನ್ನು ವಾರವಾರ ಸಾರಿಸಿ ಮೆತ್ತುವ ಕೈಗೆ ಅಳತೆಪಟ್ಟಿ ಗೊತ್ತಿಲ್ಲ. ಸಾರಿಸುತ್ತ ಸಾರಿಸುತ್ತ ಒಳದಾರಿ ಕಿರಿದಾಗಿ, ಕೊನೆಗೊಂದು ದಿನ ಹೊಗೆ ಹಿಂದಕ್ಕೆ ಬರುತ್ತಿತ್ತು.

ಒಂದು ಮಿಲಿಮೀಟರ್ ನೀರು

ಕೊಳವೆ ಹೊಗೆಯನ್ನು ಹೇಗೆ ಎಳೆಯುತ್ತದೆ ಎಂಬುದು ತಿಳಿದರೆ ಮುಂದಿನ ತಪ್ಪುಗಳಲ್ಲಿ ಅರ್ಧ ತಪ್ಪುತ್ತವೆ. ಬಿಸಿಗಾಳಿ ಹಗುರ, ಹೊರಗಿನ ಗಾಳಿ ಭಾರ. ಆ ಭಾರದ ಅಂತರವೇ ಸೆಳೆತ. ಮೂರು ಮೀಟರ್ ಎತ್ತರದ ಕೊಳವೆಯಲ್ಲಿ 150 ಡಿಗ್ರಿ ಬಿಸಿಯ ಹೊಗೆ ತುಂಬಿದೆ, ಹೊರಗೆ 25 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಸೆಳೆತ ಹತ್ತು ಪಾಸ್ಕಲ್ ಮಾತ್ರ, ಅಂದರೆ ಒಂದು ಮಿಲಿಮೀಟರ್ ಎತ್ತರದ ನೀರಿನಷ್ಟು ಒತ್ತಡ. ಇಡೀ ಏರ್ಪಾಡು ನಿಂತಿರುವುದು ಇಷ್ಟರ ಮೇಲೆ.

ಇಷ್ಟು ಬಡ ಸೆಳೆತವನ್ನು ಕೆಡಿಸಲು ಏನೂ ಸಾಕು. ಎರಡು ಕಡೆ ಲಂಬಕೋನದಲ್ಲಿ ಬಾಗಿಸಿದ ಕೊಳವೆ, ಗೋಡೆಯುದ್ದಕ್ಕೂ ಮಲಗಿಸಿದ ಪೈಪು, ಒಳಮೈಗೆ ಕಟ್ಟಿದ ಮಸಿ, ಎದುರುಗಾಳಿ, ಯಾವುದಾದರೂ ಒಂದು. ಬೆಳಗ್ಗೆ ಒಲೆ ಹಚ್ಚಿದ ಮೊದಲ ಐದು ನಿಮಿಷ ಕೊಳವೆ ತಣ್ಣಗಿರುವುದರಿಂದ ಸೆಳೆತವೇ ಇರದು. ಅದಕ್ಕೇ ತಿಳಿದವರು ಮೊದಲು ಒಂದಿಷ್ಟು ಒಣ ಗರಿಯನ್ನೋ ಕಾಗದವನ್ನೋ ಕೊಳವೆಯ ಬುಡದಲ್ಲಿ ಉರಿಸಿ ಅದನ್ನು ಬಿಸಿಮಾಡಿಕೊಳ್ಳುತ್ತಾರೆ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿ ಮಾಡುವುದರಲ್ಲೇ ಕಾವು ಕಳೆದು ಹೊಗೆ ತಣ್ಣಗಾಗುತ್ತದೆ, ಕೊಳವೆಯೊಳಗೆ ಜಿಗುಟು ಡಾಂಬರಿನಂತೆ ಅಂಟುತ್ತದೆ.

ಬಹಳ ಜನ ಮರೆಯುವ ಇನ್ನೊಂದು ಸಂಗತಿ: ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಕಿಟಕಿ ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಕೊಳವೆ ಎಳೆಯಲಾರದು. ಅದರ ಮೇಲೆ ಎಕ್ಸಾಸ್ಟ್ ಫ್ಯಾನ್ ಹಾಕಿದರಂತೂ ಫ್ಯಾನಿನ ಸೆಳೆತ ಕೊಳವೆಯದಕ್ಕಿಂತ ಜೋರಾಗಿ, ಹೊಗೆಯನ್ನೂ ಕಣ್ಣಿಗೆ ಕಾಣದ ಕಾರ್ಬನ್ ಮಾನಾಕ್ಸೈಡನ್ನೂ ಕೊಳವೆಯಿಂದಲೇ ಒಳಕ್ಕೆ ಎಳೆದುಕೊಳ್ಳುತ್ತದೆ. ಕೊಳವೆ ಸರಿಯಿದೆಯೇ ಎಂದು ಪರೀಕ್ಷಿಸಲು ಯಂತ್ರ ಬೇಕಾಗಿಲ್ಲ. ಒಲೆಯ ಪಕ್ಕದ ಊದುಕೊಳವೆಯ ಮೇಲೆ ಧೂಳು ಕೂತಿದ್ದರೆ ಮೇಲಿನ ಕೊಳವೆ ತನ್ನ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.

ಮಾಡು, ಗೋಡೆ, ತಾರಸಿ

ಈಗ ಕೊಳವೆಯನ್ನು ಎಲ್ಲಿಂದ ಹಾಯಿಸುವುದು? ದಾರಿ ಮೂರೇ.

ಹೆಂಚಿನ ಮಾಡಿನ ಮೂಲಕ ನೇರ ಮೇಲಕ್ಕೆ ಒಯ್ದರೆ ಸೆಳೆತ ಚೆನ್ನ. ಕೊಳವೆಯ ಹೆಚ್ಚು ಭಾಗ ಮನೆಯೊಳಗೇ ಬೆಚ್ಚಗಿರುತ್ತದೆ. ತೊಡಕು ಎರಡು. ಮೊದಲನೆಯದು ಬೆಂಕಿ. ಒಂಟಿ ತಗಡಿನ ಕೊಳವೆಗೂ ಮರಕ್ಕೂ ನಡುವೆ 45 ಸೆಂಟಿಮೀಟರ್ ಅಂತರ ಇರಬೇಕೆಂದು ಅಮೆರಿಕದ ಅಗ್ನಿಸುರಕ್ಷೆಯ ನಿಯಮ ಹೇಳುತ್ತದೆ. ನಮ್ಮ ಪಕಾಸು-ರೀಪುಗಳ ನಡುವೆ ಅಷ್ಟು ಜಾಗ ಎಲ್ಲಿ? ಹಾಗಾಗಿ ಮಾಡನ್ನು ಹಾಯುವ ಕಡೆ ರೀಪು ಕತ್ತರಿಸಿ ಚೌಕಟ್ಟು ಕೊಟ್ಟು, ಕೊಳವೆಯ ಸುತ್ತ ಅದಕ್ಕಿಂತ ದಪ್ಪದ ಇನ್ನೊಂದು ಕೊಳವೆ ತೊಡಿಸಿ, ನಡುವೆ ಗಾಳಿ ಆಡಲು ಬಿಡಬೇಕು. ದಿನನಿತ್ಯದ ಹೊಗೆಗೆ ಇಷ್ಟೆಲ್ಲ ಯಾಕೆ ಎನ್ನಿಸಬಹುದು. ಒಳಗೆ ಕಟ್ಟಿದ ಮಸಿಗೇ ಒಂದು ದಿನ ಬೆಂಕಿ ಹತ್ತಿದರೆ ಆ ಉರಿ ಸಾವಿರ ಡಿಗ್ರಿ ಮುಟ್ಟಬಲ್ಲದು. ಎಚ್ಚರಿಕೆ ಆ ದಿನಕ್ಕಾಗಿ. ಸೋಗೆ ಮಾಡಿನಲ್ಲಂತೂ ಈ ದಾರಿಯ ಮಾತೇ ಬೇಡ.

ಎರಡನೆಯ ತೊಡಕು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಅಂಥ ಕಡೆ ತೂತಿನ ಸುತ್ತ ಸಿಮೆಂಟು ಮೆತ್ತಿದರೆ ಒಂದೇ ಬೇಸಿಗೆಗೆ ಬಿರಿಯುತ್ತದೆ. ಕೊಳವೆಗೆ ತಗಡಿನ ಕೊರಳಪಟ್ಟಿ ಮಾಡಿಸಿ, ಅದರ ಮೇಲಂಚು ಮೇಲಿನ ಸಾಲಿನ ಹೆಂಚಿನಡಿಗೆ, ಕೆಳಂಚು ಕೆಳಗಿನ ಸಾಲಿನ ಹೆಂಚಿನ ಮೇಲೆ ಬರುವಂತೆ ಕೂರಿಸಬೇಕು. ಹೆಂಚು ನೀರನ್ನು ಜಾರಿಸುವ ಕ್ರಮವೇ ಇದು. ಕೊಳವೆಯೂ ಅದನ್ನೇ ಕಲಿಯಬೇಕು.

ಗೋಡೆಯ ಮೂಲಕ ಹೊರಕ್ಕೆ ಒಯ್ದು ಅಲ್ಲಿಂದ ಮೇಲಕ್ಕೇರಿಸುವುದು ಎರಡನೆಯ ದಾರಿ. ಮಣ್ಣಿಗೂ ಜಂಬಿಟ್ಟಿಗೆಗೂ ಬೆಂಕಿಯ ಭಯವಿಲ್ಲ, ಸೋರುವ ಭಯವಿಲ್ಲ. ಆದರೆ ಹೊರಗಿನ ಕೊಳವೆ ತಣ್ಣಗಾಗಿ ಸೆಳೆತ ಇಳಿಯುತ್ತದೆ, ಗೋಡೆ ಹಾಯುವ ಅಡ್ಡ ತುಂಡಿನಲ್ಲಿ ಮಸಿ ಕೂರುತ್ತದೆ. ಅಡ್ಡ ತುಂಡು ಚಿಕ್ಕದಿರಬೇಕು, ಹೊರಮುಖವಾಗಿ ಮೇಲಕ್ಕೆ ಓರೆಯಾಗಿರಬೇಕು, ಹೊರಗಿನ ತಿರುವಿನಲ್ಲಿ ಎಲ್ಬೋ ಬದಲು ‘ಟೀ’ ಹಾಕಿ ಕೆಳಬಾಯಿಗೆ ಮುಚ್ಚಳ ಕೊಡಬೇಕು. ಮುಚ್ಚಳ ಬಿಚ್ಚಿದರೆ ಮಸಿ ತಾನಾಗಿ ಬೀಳುತ್ತದೆ.

ಮೂರನೆಯದು ತಾರಸಿ. ನಾಲ್ಕಂಗುಲದ ಕೊಳವೆಗೆ ಆರಂಗುಲದ ತೂತು ಬೇಕು. ಸುತ್ತಿಗೆಯಿಂದ ಒಡೆದರೆ ತಾರಸಿಯ ಕಬ್ಬಿಣ ಬೆತ್ತಲಾಗಿ ತುಕ್ಕು ಹಿಡಿಯುತ್ತದೆ. ಕೋರ್ ಕೊರೆಯುವ ಯಂತ್ರ ತರಿಸುವುದು ಲೇಸು. ತಾರಸಿಯ ಮೇಲೆ ತೂತಿನ ಸುತ್ತ ಗೇಣೆತ್ತರದ ಕಟ್ಟೆ ಕಟ್ಟಿದರೆ ನೀರು ಇಳಿಯದು. ಹೊಸ ಮನೆ ಕಟ್ಟುವವರಿಗೆ ಒಂದು ಮಾತು: ತಾರಸಿ ಹಾಕುವ ದಿನವೇ ಪೈಪಿನ ತುಂಡೊಂದನ್ನು ಇಟ್ಟುಬಿಡಿ. ಮುಂದೆ ಸೌದೆ ಒಲೆ ಬೇಡವಾದರೆ ಮುಚ್ಚಿಕೊಂಡರಾಯಿತು.

ಕೊಳವೆ ಯಾವುದರದ್ದು? ಸರಕಾರಿ ಒಲೆಗಳ ಕಾಲದಲ್ಲಿ ಅಗ್ಗಕ್ಕೆ ಸಿಗುತ್ತಿದ್ದುದು ಕಲ್ನಾರಿನ, ಅಂದರೆ ಆಸ್‌ಬೆಸ್ಟಾಸ್ ಸಿಮೆಂಟಿನ ಪೈಪು. ಅದು ಕಾವು ತಾಳುತ್ತದೆ, ತುಕ್ಕು ಹಿಡಿಯದು. ಆದರೆ ಗರಗಸ ಹಾಕಿದಾಗ ಏಳುವ ಅದರ ಎಳೆಗಳು ಕ್ಯಾನ್ಸರ್ ತರುತ್ತವೆ ಎಂಬುದರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಯಾವ ಅನುಮಾನವೂ ಇಲ್ಲ. ಎದೆ ಉಳಿಸಲು ಹಾಕುವ ಕೊಳವೆಗೆ ಎದೆ ಕೆಡಿಸುವ ಪೈಪು ಯಾಕೆ? ಹಳೆಯದು ಇದ್ದರೆ ಒಡೆಯದೆ, ಕೊಯ್ಯದೆ, ಒದ್ದೆ ಮಾಡಿ ಇಡಿಯಾಗಿ ಇಳಿಸಿ. ಹೊಸದಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಎಲ್ಲಕ್ಕಿಂತ ಬಾಳಿಕೆಯದು. ಕಬ್ಬಿಣದ ತಗಡು ಅಗ್ಗ, ಮಳೆನಾಡಿನಲ್ಲಿ ಬೇಗ ತೂತು ಬೀಳುತ್ತದೆ. ಜಾಗವಿದ್ದರೆ ಇಟ್ಟಿಗೆಯ ಹೊಗೆಗೂಡು ಕಟ್ಟಬಹುದು. ಪಿವಿಸಿ ಪೈಪನ್ನು ಒಲೆಯ ಹತ್ತಿರಕ್ಕೂ ತರಬೇಡಿ.

ಒಲೆಯನ್ನು ಮುಟ್ಟದೆ ಹೊಗೆಯನ್ನಷ್ಟೇ ಹಿಡಿಯುವ ಉಪಾಯವೂ ಇದೆ. ಒಲೆಯ ಮೇಲೆ ತಗಡಿನ ದೊಡ್ಡ ಕೊಡೆ ಕಟ್ಟಿ, ಅದರ ನೆತ್ತಿಯಿಂದ ಕೊಳವೆ ಒಯ್ಯುವುದು. ಕೆನ್ಯಾದ ಮಸಾಯಿ ಮನೆಗಳಲ್ಲೂ ನೇಪಾಳದ ಗುಡ್ಡದ ಮನೆಗಳಲ್ಲೂ ಇದನ್ನು ಅಳವಡಿಸಿದ್ದಾರೆ. ರೊಟ್ಟಿ, ಮುದ್ದೆ, ದೊಡ್ಡ ತಪ್ಪಲೆ ಎಲ್ಲಕ್ಕೂ ಹಳೆಯ ಒಲೆಯೇ ನಡೆಯುತ್ತದೆ. ಆದರೆ ಕೊಡೆ ಹೊಗೆಯ ಜೊತೆ ಕೋಣೆಯ ಗಾಳಿಯನ್ನೂ ಎಳೆಯುವುದರಿಂದ ನಾಲ್ಕಂಗುಲದ ಪೈಪು ಸಾಲದು, ಬಹಳ ಅಗಲದ್ದು ಬೇಕು. ಸೌದೆ ಇದರಿಂದ ಉಳಿಯುವುದಿಲ್ಲ.

ಅತ್ತೆಯ ಮನೆಯ ಬಚ್ಚಲು

ಇದನ್ನೆಲ್ಲ ನಾನು ಓದಿ ಕಲಿತದ್ದಕ್ಕಿಂತ ಸಾಗರದ ಕಡೆಯ ನಮ್ಮ ಸೋದರತ್ತೆಯ ಮನೆಯಲ್ಲಿ ತಪ್ಪು ಮಾಡಿ ಕಲಿತದ್ದು ಹೆಚ್ಚು. ಅಡುಗೆಗೆ ಅವರಲ್ಲಿ ಗ್ಯಾಸ್ ಬಂದು ಎಷ್ಟೋ ಕಾಲವಾಗಿದೆ. ಬಚ್ಚಲ ಹಂಡೆಗೆ ಮಾತ್ರ ಇವತ್ತಿಗೂ ಅಡಿಕೆ ಹಾಳೆ, ತೆಂಗಿನ ಗರಿ, ತೋಟದ ಒಣ ಕಸ. ಬಚ್ಚಲು ಅಡುಗೆಮನೆಗೆ ಅಂಟಿಕೊಂಡಿರುವುದರಿಂದ ಹೊಗೆಯೆಲ್ಲ ಒಳಗೆ. ಮೇಸ್ತ್ರಿಯೊಬ್ಬರನ್ನು ಕರೆದು ಗೋಡೆಯಲ್ಲಿ ಕೊಳವೆ ಹಾಯಿಸಿ, ಹೊರಗೆ ಎಲ್ಬೋ ಹಾಕಿ, ಸೂರಿನಿಂದ ಒಂದಡಿ ಕೆಳಗೆ ನಿಲ್ಲಿಸಿದೆವು. ಪೈಪು ಅಷ್ಟೇ ಉದ್ದವಿತ್ತು. ಮಾರನೆಯ ಬೆಳಗ್ಗೆ ಹೊಗೆ ಹೊರಕ್ಕೇನೋ ಹೋಯಿತು. ಹೋಗಿ, ಸೂರಿನಡಿ ಸೇರಿ, ಹೆಂಚಿನ ಸಂದಿಯಿಂದ ಮತ್ತೆ ಒಳಗೆ ಬಂತು.

“ದುಡ್ಡು ಕೊಟ್ಟು ಹೊಗೆಗೆ ಊರು ತೋರಿಸ್ಕೊಂಡು ಬಂದ ಹಾಗಾಯ್ತು ನೋಡು” ಎಂದರು ಅತ್ತೆ.

ಎರಡನೆಯ ಸಲ ಕೊಳವೆಯನ್ನು ಮಾಡಿನ ಮೊಗಡಿಗಿಂತ ಎರಡಡಿ ಮೇಲೆ ಒಯ್ದು, ಮೂರು ಕಡೆ ತಂತಿ ಬಿಗಿದು, ನೆತ್ತಿಗೆ ತಗಡಿನ ಟೋಪಿ ಹಾಕಿದೆವು. ಎಲ್ಬೋ ತೆಗೆದು ಟೀ ಬಂತು. ಹೊಗೆ ಹೋಯಿತು. ಎರಡು ವರ್ಷ ಕಳೆದ ಮೇಲೆ ಅತ್ತೆ ಫೋನಿನಲ್ಲಿ ಹೇಳಿದರು: “ಬಚ್ಚಲ ಅಟ್ಟದಲ್ಲಿಟ್ಟ ಬುಟ್ಟಿಗೆಲ್ಲ ಹುಳ ಬಿದ್ದಿದೆ ಕಣೋ. ಪಕಾಸಿನಿಂದ ಹಿಟ್ಟು ಉದುರ್ತಿದೆ.” ಹೊಗೆ ಮಾಡುತ್ತಿದ್ದ ಕೆಲಸವನ್ನು ಇನ್ನು ನಾವು ಮಾಡಬೇಕಾಗಿತ್ತು. ಪಕಾಸಿಗೆ ಗೇರೆಣ್ಣೆ ಬಳಿಸಿದೆವು, ಬುಟ್ಟಿಗಳು ಜಗಲಿಗೆ ಬಂದವು.

ಅಳೆದು ನೋಡಿದವರು ಏನನ್ನುತ್ತಾರೆ

ಕೊಳವೆಯಿಂದ ಆರೋಗ್ಯ ಸುಧಾರಿಸುತ್ತದೆಯೇ? ಎರಡು ದೊಡ್ಡ ಅಧ್ಯಯನಗಳು ಎರಡು ಬಗೆಯ ಉತ್ತರ ಕೊಟ್ಟಿವೆ. ಗ್ವಾಟೆಮಾಲಾದ ಗುಡ್ಡಗಾಡಿನಲ್ಲಿ ಕರ್ಕ್ ಸ್ಮಿತ್ ಮತ್ತು ಸಂಗಡಿಗರು ಸುಮಾರು ಐನೂರು ಮನೆಗಳನ್ನು ಆರಿಸಿ, ಅರ್ಧದಷ್ಟಕ್ಕೆ ಕೊಳವೆಯುಳ್ಳ ಒಲೆ ಕೊಟ್ಟು, ವಾರವಾರ ಹೋಗಿ ಒಲೆ ಕೆಟ್ಟಿದ್ದರೆ ರಿಪೇರಿ ಮಾಡಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಕ್ಕಳಿಗೆ ತಾಗುವ ಕಾರ್ಬನ್ ಮಾನಾಕ್ಸೈಡ್ ಅರ್ಧಕ್ಕೆ ಇಳಿಯಿತು. ಒಟ್ಟು ನ್ಯುಮೋನಿಯಾ ಖಚಿತವಾಗಿ ಇಳಿಯಿತೆನ್ನಲು ಪುರಾವೆ ಸಾಲಲಿಲ್ಲ. ತೀವ್ರ ನ್ಯುಮೋನಿಯಾ ಮೂರನೇ ಒಂದರಷ್ಟು ತಗ್ಗಿತು.

ಒಡಿಶಾದ 44 ಹಳ್ಳಿಗಳಲ್ಲಿ ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎರಡೂವರೆ ಸಾವಿರಕ್ಕೂ ಹೆಚ್ಚು ಮನೆಗಳನ್ನು ನಾಲ್ಕು ವರ್ಷದವರೆಗೆ ಹಿಂಬಾಲಿಸಿದರು. ಅಲ್ಲಿಯೂ ಕೊಳವೆಯ ಮಣ್ಣಿನ ಒಲೆ. ಮೊದಲ ವರ್ಷ ಅಡುಗೆಯವರ ಒಳಗೆ ಹೋಗುವ ಹೊಗೆ ಕಡಿಮೆಯಾಯಿತು; ಆಮೇಲೆ ಆ ಅಂತರ ಅಳಿಸಿಹೋಯಿತು. ಮನೆಯವರು ಒಲೆಯನ್ನು ಅಷ್ಟಾಗಿ ಬಳಸಲಿಲ್ಲ, ಕೊಳವೆ ಚೊಕ್ಕ ಮಾಡಲಿಲ್ಲ, ಬಿರುಕು ಮುಚ್ಚಲಿಲ್ಲ. ಎರಡೂ ಕಡೆ ಹೊಗೆಗೆ ಕೊಳವೆಯಿತ್ತು. ಒಂದು ಕಡೆ ವಾರಕ್ಕೊಮ್ಮೆ ಬಂದು ನೋಡುವವರಿದ್ದರು.

ಕೊಳವೆಯಿಂದ ಆಗದ್ದನ್ನೂ ಹೇಳಬೇಕು. ಅದು ಹೊಗೆಯನ್ನು ಸುಡುವುದಿಲ್ಲ, ಆಚೆಗೆ ದೂಡುತ್ತದೆ. ಮನೆಗಳು ಒತ್ತಾಗಿರುವ ಕೇರಿಯಲ್ಲಿ ನನ್ನ ಕೊಳವೆಯ ಹೊಗೆ ಪಕ್ಕದ ಮನೆಯ ಕಿಟಕಿಗೆ ಹೋಗುತ್ತದೆ. ಗಾಳಿಯ ಸೂಕ್ಷ್ಮ ಕಣ ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಸೌದೆ ಒಲೆಯ ಅಡುಗೆಮನೆಯಲ್ಲಿ ಅದು ನೂರುಗಳ ಲೆಕ್ಕದಲ್ಲಿರುತ್ತದೆ. ಕೊಳವೆ ಇದನ್ನು ಬಹಳ ಇಳಿಸಬಹುದು, ಐದಕ್ಕೆ ಮುಟ್ಟಿಸಲಾರದು.

ಹಾಗಾದರೆ ಗ್ಯಾಸ್ ಬಂದಮೇಲೆ ಈ ಮಾತೇ ಯಾಕೆ? 2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾಯಿತು, ಮೂರೂವರೆ ವರ್ಷದೊಳಗೆ ಎಂಟು ಕೋಟಿ ಸಂಪರ್ಕ ಕೊಟ್ಟರು. ಅಡುಗೆಗೆ ಅದೇ ಸರಿಯಾದ ದಾರಿ, ಅನುಮಾನವಿಲ್ಲ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶುದ್ಧ ಇಂಧನದಲ್ಲಿ ಅಡುಗೆ ಮಾಡುವ ಮನೆಗಳು ದೇಶದಲ್ಲಿ ನೂರಕ್ಕೆ 59ರಷ್ಟು ಮಾತ್ರ. ಗ್ಯಾಸ್ ಇರುವ ಮನೆಯಲ್ಲೂ ಹಂಡೆ ಕಾಯುವುದು, ಅಡಿಕೆ ಬೇಯುವುದು, ದನದ ಬಾಯರು ಕುದಿಯುವುದು ಸೌದೆಯಲ್ಲೇ. ಸಿಲಿಂಡರ್ ಮುಗಿದ ವಾರ ಹಳೆಯ ಒಲೆಯೇ ಗತಿ.

ಯಾರ ಏಣಿ

ಆದ್ದರಿಂದ ಕೊಳವೆ ಹಾಕಿಸಬೇಕೆನ್ನುವವರಿಗೆ ನನ್ನ ಮೊದಲ ಪ್ರಶ್ನೆ ಪೈಪಿನ ಬೆಲೆಯದ್ದಲ್ಲ. ಮಸಿ ತೆಗೆಯುವವರು ಯಾರು? ಏಣಿ ಎಲ್ಲಿದೆ? ಸೌದೆ ತರುವವಳು, ಒಲೆ ಹಚ್ಚುವವಳು, ಕೆಮ್ಮುವವಳು ಹೆಂಗಸು. ಮಾಡು ಹತ್ತುವವನು ಗಂಡಸು. ಕೊಳವೆ ಕಟ್ಟಿದ್ದು ಅವಳಿಗೆ ಮೊದಲ ದಿನವೇ ಗೊತ್ತಾಗುತ್ತದೆ, ಅವನಿಗೆ ಗೊತ್ತಾಗುವುದು ಅವಳು ಹತ್ತು ಸಲ ಹೇಳಿದ ಮೇಲೆ. ನೆಲದಿಂದಲೇ ಕೈಗೆಟುಕುವ ಮುಚ್ಚಳವನ್ನು ಕೊಳವೆಗೆ ಇಡುವುದು ಇದಕ್ಕಾಗಿ ಮುಖ್ಯ. ಆ ಒಂದು ಟೀ ಇಡೀ ಕೆಲಸವನ್ನು ಮಾಡಿನಿಂದ ಅಂಗಳಕ್ಕೆ ಇಳಿಸುತ್ತದೆ.

ಮಾಡಿನ ಕೆಲಸಕ್ಕೆ ನಮ್ಮಲ್ಲಿ ಪಂಚಾಂಗ ಮೊದಲೇ ಇದೆ. ಮಳೆಗಾಲಕ್ಕೆ ಮುಂಚೆ ಎಲ್ಲ ಮನೆಯಲ್ಲೂ ಹೆಂಚು ಕೈಯಾಡಿಸುತ್ತಾರೆ, ಒಡೆದದ್ದು ಬದಲಿಸುತ್ತಾರೆ. ದೀಪಾವಳಿಗೆ ಮುಂಚಿನ ನೀರು ತುಂಬುವ ಹಬ್ಬದ ದಿನ ಹಂಡೆ ತಿಕ್ಕಿ ತೊಳೆದು, ಕೊರಳಿಗೆ ಬಳ್ಳಿ ಸುತ್ತಿ ನೀರು ತುಂಬಿಸುತ್ತಾರೆ. ಮೂರು ಕೋಟಿ ಒಲೆ ಹಂಚಿದ ಕಾರ್ಯಕ್ರಮ ಈ ಎರಡು ದಿನಗಳನ್ನು ಗಮನಿಸಿದ್ದರೆ ಚೆನ್ನಿತ್ತು. ಅತ್ತೆಯ ಮನೆಯಲ್ಲಿ ಈಗ ಹೆಂಚು ಕೈಯಾಡಿಸಲು ಬಂದವನೇ ಟೋಪಿ ತೆಗೆದು ಮೇಲಿನಿಂದ ಒಂದು ಕೋಲಿಗೆ ಗೋಣಿ ಸುತ್ತಿ ತಿಕ್ಕುತ್ತಾನೆ. ನೀರು ತುಂಬುವ ಹಬ್ಬದ ಬೆಳಗ್ಗೆ ಅತ್ತೆ ಹಂಡೆ ತಿಕ್ಕುವ ಮೊದಲು ಹಿತ್ತಿಲಿಗೆ ಹೋಗಿ ಟೀಯ ಮುಚ್ಚಳ ಬಿಚ್ಚುತ್ತಾರೆ. ಕಳೆದ ಸಲ ಅರ್ಧ ಬಕೆಟ್ ಮಸಿ ಬಿತ್ತು. ಅದನ್ನು ಬಸಳೆ ಬುಡಕ್ಕೆ ಸುರಿದು ಬಂದು, ಕೈ ತೊಳೆದು, ಹಂಡೆಗೆ ಹುಣಿಸೆಹಣ್ಣು ಹಚ್ಚಿದರು.